ಮಳೆಗೆ ಬಿಟ್ಟ ಪಾಚಿ

ನಮ್ಮ ದಂಡೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸದೆಯೇ ಬರುವ ಪಾಠ ಒಂದಿದೆ: ಕಡಲ ಪಾಚಿಗೆ ಸಿಹಿನೀರು ತಾಕಬಾರದು. ತಾಕಿತೋ, ಗಟ್ಟಿಯಾಗಿ ಕೆಂಪಗಿದ್ದದ್ದು ಬಿಳಿಚಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಕೊಳ್ಳಲು ಬಂದವನು ಮೂಟೆಯೊಳಗೆ ಕೈಹಾಕಿ ಒಂದು ಎಸಳು ಎಳೆದು ನೋಡಿ, ಮೂಗು ಮುರಿದು, ಮೂಟೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಾನೆ. ಹಾಗಾಗಿ ಪಾಚಿ ಒಣಹಾಕಿದ ದಿನ ಮೋಡ ಕಂಡರೆ ನಾವು ಓಡುತ್ತೇವೆ. ಒಲೆಯ ಮೇಲೆ ಅನ್ನ ಸೀಯುತ್ತಿದ್ದರೂ ಓಡುತ್ತೇವೆ. ನನ್ನ ತಮ್ಮನ ಮದುವೆಯ ದಿನ ನಾಲ್ಕು ಹನಿ ಬಿತ್ತೆಂದು, ಮದುಮಗಳಿಗೆ ಮದರಂಗಿ ಹಚ್ಚುತ್ತಿದ್ದವರೆಲ್ಲ ಎದ್ದು ದಂಡೆಗೆ ಓಡಿಬಿಟ್ಟರು. ಪಾಪ, ಆ ಹುಡುಗಿ ಒಂದು ಕೈಗೆ ಮಾತ್ರ ಮದರಂಗಿ ಹಚ್ಚಿಸಿಕೊಂಡು ಒಬ್ಬಳೇ ಕೂತಿದ್ದಳು. ಈಗಲೂ ಅದನ್ನು ಎತ್ತಿ ಆಡುತ್ತಾಳೆ.

ಇದನ್ನು ಮೊದಲೇ ಹೇಳಿದ್ದೇಕೆಂದರೆ, ಇದು ಗೊತ್ತಿಲ್ಲದವರಿಗೆ ಕಜೀಜಾ ಮಾಡಿದ ತಪ್ಪು ದಡ್ಡತನವಾಗಿ ಕಾಣುತ್ತದೆ. ಅವಳು ದಡ್ಡಿಯಲ್ಲ. ಅವಳ ಜಾಗದಲ್ಲಿ ನಾನಿದ್ದರೂ, ನಮ್ಮ ಮ್ವಾಂಬಾನಿ ಊರಿನ ಯಾವ ಹೆಂಗಸಿದ್ದರೂ ಅದನ್ನೇ ಮಾಡುತ್ತಿದ್ದಳು. ತಪ್ಪೆಂದು ಗೊತ್ತಿದ್ದವನು ಒಬ್ಬನೇ. ಅವನು ಬಾಯಿ ಬಿಡಲಿಲ್ಲ. ನನ್ನ ಸಿಟ್ಟೆಲ್ಲ ಅವನ ಮೇಲೆ.

ಕಜೀಜಾಳ ನೀರಿನ ಹೊಲ ನನ್ನದಕ್ಕೆ ಅಂಟಿಕೊಂಡೇ ಇದೆ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ ಕಡಲು ಬಂಡೆಸಾಲಿನವರೆಗೆ ಹಿಂದೆ ಸರಿದಾಗ ನಾವು ಮೊಣಕಾಲು ನೀರಿನಲ್ಲಿ ಕೂತು ಹಗ್ಗಕ್ಕೆ ಪಾಚಿಯ ಚೂರು ಕಟ್ಟುತ್ತೇವೆ, ಬೆಳೆದದ್ದನ್ನು ಕೊಯ್ಯುತ್ತೇವೆ. ಅವಳ ಹೊಲ ಅವಳ ತಾಯಿಯದು. ಈ ಊರಿಗೆ ಪಾಚಿ ಕೃಷಿ ಬಂದ ಹೊಸತರಲ್ಲಿ, ಗಂಡಸರೆಲ್ಲ ನಗುತ್ತಿದ್ದಾಗ, ಆ ತಾಯಿ ಹೊಟ್ಟೆಯಲ್ಲಿ ಕಜೀಜಾಳನ್ನು ಇಟ್ಟುಕೊಂಡೇ ಗೂಟ ನೆಟ್ಟವಳು. ಗೂಟ ಕೊಳೆತರೆ ಹೊಸದು ಬರುತ್ತದೆ, ಆದರೆ ಮರಳಿನಲ್ಲಿ ಗುಂಡಿ ಅದೇ. ಕಜೀಜಾ ಹೊಸ ಗೂಟ ಹೊಡೆಯುವಾಗ ಕಾಲ್ಬೆರಳಿನಿಂದ ತಡವಿ ಅಮ್ಮನ ಗುಂಡಿಯನ್ನೇ ಹುಡುಕುತ್ತಿದ್ದಳು. ಮನೆ ಗಂಡನದು, ತೋಟ ಗಂಡನದು, ಇದ್ದೊಬ್ಬ ಮಗಳು ಮಿಜಾ ಮದುವೆಯಾಗಿ ಹೋದಳು. ಈ ಲೋಕದಲ್ಲಿ ಇದು ನನ್ನದು ಎನ್ನಲು ಕಜೀಜಾಳಿಗೆ ಇದ್ದದ್ದು ಆ ಗುಂಡಿಗಳು.

ಅವಳ ಗಂಡ ಶಾಮೆ. ಹಿಂದೆ ಬಂಡೆಸಾಲಿನಾಚೆ ಮುಳುಗಿ ಆಕ್ಟೋಪಸ್ ಹಿಡಿಯುತ್ತಿದ್ದ. ಕಿವಿಯಲ್ಲಿ ರಕ್ತ ಬಂದಮೇಲೆ ಚಾಕೆ ಪೇಟೆಯ ಡಾಕ್ಟರು ಇನ್ನು ನೀರಿಗಿಳಿದರೆ ಕಿವುಡನಾಗುತ್ತೀಯ ಎಂದರು. ಆಗ ದಂಡೆಯ ಮೇಲಿನ ಇಳಿಜಾರಿನಲ್ಲಿ ಹವಳದ ಕಲ್ಲು ಕಿತ್ತು ಗೋಡೆ ಕಟ್ಟಿ, ಎಲ್ಲೆಲ್ಲಿಂದಲೋ ಮಣ್ಣು, ಆಡಿನ ಹಿಕ್ಕೆ ಹೊತ್ತು ತಂದು ತರಕಾರಿ ತೋಟ ಮಾಡಿದ. ಬದನೆ, ಟೊಮೆಟೊ, ದಂಟಿನ ಸೊಪ್ಪು. ಅವನ ಕೈ ಒಳ್ಳೆಯದು, ಅದನ್ನು ನಾನೂ ಒಪ್ಪುತ್ತೇನೆ. ಒಂದು ವರ್ಷ ದೊಡ್ಡ ಭರತದಲ್ಲಿ ಕಡಲು ಗೋಡೆ ಹಾರಿ ಬಂದು ಅವನ ಬದನೆಯನ್ನೆಲ್ಲ ಸುಟ್ಟುಹಾಕಿತು. ಆಮೇಲೆ ಬಹಳ ದಿನ ಅವನು ಬೆಳಿಗ್ಗೆ ಎದ್ದು ತೋಟಕ್ಕೆ ಹೋಗಿ ಮಣ್ಣನ್ನು ಚಿವುಟಿ ನಾಲಿಗೆಗೆ ಹಚ್ಚಿ ನೋಡುವುದನ್ನು ಕಂಡಿದ್ದೇನೆ. ಉಪ್ಪು ಇಳಿಯಿತೇ ಎಂದು. ಪೂರ್ತಿ ಇಳಿಯುವವರೆಗೆ ಒಂದು ಬೀಜವನ್ನೂ ಹಾಕಲಿಲ್ಲ.

ಆ ನಷ್ಟ ತುಂಬಿಕೊಳ್ಳಲು ಹೋಗಿಯೇ ಅವನಿಗೆ ಯೂರಿಯಾದ ರುಚಿ ಹತ್ತಿದ್ದು. ಮೊದಲು ಹಿಡಿ, ಆಮೇಲೆ ಬೊಗಸೆ, ಆಮೇಲೆ ಬಕೆಟ್ಟು. ಗಿಡಗಳು ಕಪ್ಪು ಹಸಿರಾಗಿ ಬೆಳೆದವು. ಇಳಿಜಾರಿನ ತೋಟವಲ್ಲವೇ, ಮಳೆ ಬಂದಾಗ ಅಲ್ಲಿಂದ ನೀರು ಒಂದು ಕೊರಕಲಿನಲ್ಲಿ ಹರಿದು ಕಡಲಿಗೆ ಸೇರುತ್ತದೆ. ಕೊರಕಲಿನ ಬಾಯಿ ಇರುವುದು ಕಜೀಜಾಳ ಹೊಲದ ನೇರಕ್ಕೆ.

ಹಗ್ಗಕ್ಕೆ ಹಸಿರು ಲೋಳೆ ಹಿಡಿಯತೊಡಗಿತು. ಕೂದಲಿನಂಥ ಎಳೆಗಳು ಪಾಚಿಯ ಮೇಲೆ ಸುತ್ತಿಕೊಂಡು ಬಿಸಿಲು ಬೀಳದಂತೆ ಮಾಡುತ್ತವೆ, ಒಳಗಿನ ಪಾಚಿ ಬೆಳ್ಳಗಾಗಿ ಮುರಿದು ಬೀಳುತ್ತದೆ. ಕೀಳಲು ಹೋದರೆ ಕೈಗೆ ತುರಿಕೆ. ನಮ್ಮಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಒಂದು ಸಣ್ಣದು, ಒಂದು ದೊಡ್ಡದು. ಸಣ್ಣ ಮಳೆ ಮುಗಿಯುವಷ್ಟರಲ್ಲಿ ಅವಳ ಹೊಲದ ದಂಡೆಯ ಬದಿ ಅರ್ಧ ಹೋಗಿತ್ತು. ನನ್ನ ಹಗ್ಗದ ತುದಿಗೂ ಬಂದಿತ್ತು.

ಒಂದು ಇಳಿತದ ದಿನ ಕೆಲಸ ಮುಗಿಸಿ ನಾವೆಲ್ಲ ಕಾಡುಬಾದಾಮಿ ಮರದ ಕೆಳಗೆ ಬುಟ್ಟಿ ಇಳಿಸಿ ಕೂತಿದ್ದೆವು. ನಮ್ಮಲ್ಲಿ ಹಿರಿಯಳಾದ್ದರಿಂದ ಗೌರವಕ್ಕೆ ಎಲ್ಲರೂ 'ಬಿ' ಸೇರಿಸಿ ಕರೆಯುವ ಬಿ ರಿಜಿಕಿ ಲೋಳೆಯ ಒಂದು ಉಂಡೆಯನ್ನು ಕಜೀಜಾಳ ಮುಂದೆ ಇಟ್ಟಳು.

"ನಿನ್ನ ಗಂಡ ಹಾಕೋ ಆ ಬಿಳಿ ಕಾಳು ಇದೆಯಲ್ಲ, ಅರ್ಧ ಬದನೆ ತಿನ್ನುತ್ತೆ, ಅರ್ಧ ಇದು ತಿನ್ನುತ್ತೆ. ನೋಡು, ಹೆಂಗೆ ಕೊಬ್ಬಿದೆ."

"ಗೊತ್ತು ಬಿ ರಿಜಿಕಿ."

"ಗೊತ್ತು ಅಂದ್ರೆ ಆಯ್ತಾ? ಅವನಿಗೆ ಹೇಳಬೇಕು ಕಣವ್ವ."

"ಹೇಳ್ದೆ. ಕಿವಿ ಕೇಳಲ್ಲ ಅಂತ ಮುಖ ತಿರುಗಿಸ್ತಾನೆ."

"ಊಟಕ್ಕೆ ಕರೆದ್ರೆ ಕೇಳುತ್ತಾ ಕಿವಿ?" ಎಂದೆ ನಾನು. ಎಲ್ಲರೂ ನಕ್ಕರು. ಕಜೀಜಾಳೂ ನಕ್ಕಳು, ಆದರೆ ಕಣ್ಣು ಲೋಳೆಯ ಮೇಲೇ ಇತ್ತು.

ಬಿ ರಿಜಿಕಿ ನಗಲಿಲ್ಲ. "ನಿನ್ನ ಮೇಲೆ ಕೋಪ ಇಲ್ಲ ಮಗಳೇ. ನಿನ್ನಮ್ಮನ ಜೊತೆ ಗೂಟ ಹೊಡೆದವಳು ನಾನು. ದೊಡ್ಡ ಮಳೆ ಹತ್ರ ಬಂತು. ಈ ಸಲಾನೂ ಅವನು ಮೂಟೆಗಟ್ಟಲೆ ಸುರಿದ್ರೆ ನಿನ್ನ ಹೊಲ ಉಳಿಯಲ್ಲ. ಅದಾದಮೇಲೆ ತಾತುದು. ಅದಾದಮೇಲೆ ನಮ್ಮದು."

ತಾತು ಎಂದರೆ ನಾನೇ. ಕಜೀಜಾ ನನ್ನ ಮುಖ ನೋಡಿದಳು. ನನಗೆ ಅವಳ ಕಣ್ಣು ತಪ್ಪಿಸಬೇಕೆನಿಸಿತು.

ಅವಳಿಗೊಂದು ಯೋಚನೆ ಹೊಳೆದದ್ದು ತಿಪ್ಪೆಯ ಹತ್ತಿರ. ಮಳೆಗೆ ನೆಂದು ಕೆಟ್ಟ ಪಾಚಿಯನ್ನು ನಾವು ಸುರಿಯುವ ಗುಡ್ಡೆಯೊಂದು ದಂಡೆಯ ತುದಿಯಲ್ಲಿದೆ. ಯಾರೋ ಉಗಿದ ಕುಂಬಳಬೀಜ ಅದರ ಮೇಲೆ ಮೊಳೆತು, ಗುಡ್ಡೆ ಕಾಣದಂತೆ ಹಬ್ಬಿ, ಇಬ್ಬರು ಹೊರುವಂಥ ಕಾಯಿ ಬಿಟ್ಟಿತ್ತು. ಯಾರೂ ಒಂದು ಕಾಳು ಗೊಬ್ಬರ ಹಾಕಿರಲಿಲ್ಲ. ಹಿಂದೊಮ್ಮೆ ಕೃಷಿ ಇಲಾಖೆಯ ಹೆಂಗಸೊಬ್ಬಳು ಪೇಟೆಯಿಂದ ಬಂದು, ಪಾಚಿ ಅರೆದು ರಸ ತೆಗೆದು ತರಕಾರಿಗೆ ಚಿಮುಕಿಸಿದರೆ ಯೂರಿಯಾ ಅರ್ಧಕ್ಕೆ ಇಳಿಸಬಹುದು ಎಂದು ಹೇಳಿ ಹೋಗಿದ್ದಳು. ನಾವು ಆ ದಿನ ಅವಳು ಕೊಟ್ಟ ಸೋಡಾ ಕುಡಿದು ಮನೆಗೆ ಬಂದಿದ್ದೆವು. ಕಜೀಜಾ ಮಾತ್ರ ಕೇಳಿಸಿಕೊಂಡಿದ್ದಳು.

ಸಂಜೆಯ ಅಸರ್ ನಮಾಜು ಮುಗಿಸಿ ಬಂದ ಶಾಮೆಗೆ ಶುಂಠಿ ಚಹಾ ಕೊಟ್ಟು ಅವಳು ಮಾತು ತೆಗೆದಾಗ ನಾನು ಅವರ ಜಗಲಿಯಲ್ಲೇ ಇದ್ದೆ. ಒಬ್ಬಳೇ ಹೇಳಲು ಧೈರ್ಯ ಸಾಲದೆ ಅವಳೇ ಕರೆಸಿಕೊಂಡಿದ್ದಳು.

"ಪಾಚಿ ರಸ ಕುಡಿಸಿ ಬದನೆ ಬೆಳೆಸ್ತೀಯಾ?" ಶಾಮೆ ನಕ್ಕ. "ನಾಳೆ ಆಡಿಗೆ ಮೀನು ಹಾಕು ಅಂತೀಯ."

"ತಿಪ್ಪೆ ಮೇಲಿನ ಕುಂಬಳ ನೋಡ್ಲಿಲ್ವಾ ನೀನು?"

"ನೋಡ್ದೆ. ಕುಂಬಳ ಸುಡುಗಾಡಲ್ಲೂ ಬರುತ್ತೆ."

"ಮಿಜಾನ ಅಪ್ಪ, ಹೊಲ ಹೋಗ್ತಾ ಇದೆ. ಅಮ್ಮನ ಹೊಲ. ನಿನ್ನ ಯೂರಿಯಾ ಪೂರ್ತಿ ಬಿಡು ಅನ್ನಲ್ಲ ನಾನು. ಅರ್ಧ ಮಾಡು. ಮಿಕ್ಕಿದ್ದಕ್ಕೆ ನಾನು ರಸ ಕೊಡ್ತೀನಿ."

ಅವನು ಚಹಾ ಖಾಲಿ ಮಾಡಿ ಲೋಟ ಕೆಳಗಿಟ್ಟ. ಆಮೇಲೆ ಹೇಳಿದ: "ಗೋಡೆ ಪಕ್ಕದ ಮೂರು ಸಾಲು ಬದನೆ ನಿಂದು. ಅದಕ್ಕೆ ಅರ್ಧ ಯೂರಿಯಾ ಹಾಕ್ತೀನಿ. ಬಂತು ಅಂದ್ರೆ ದೊಡ್ಡ ಮಳೆಗೆ ಇಡೀ ತೋಟಕ್ಕೆ ಹಾಗೇ ಮಾಡೋಣ. ಬರ್ಲಿಲ್ಲ ಅಂದ್ರೆ ಆಮೇಲೆ ಈ ಮನೇಲಿ ಯೂರಿಯಾ ಸುದ್ದಿ ಎತ್ತಕೂಡದು. ತಾತು, ನೀನೇ ಸಾಕ್ಷಿ."

ನ್ಯಾಯದ ಮಾತೆಂದೇ ನನಗೂ ಅನ್ನಿಸಿತು. ಕಜೀಜಾಳಂತೂ ಅಂದು ರಾತ್ರಿಯ ಅಡುಗೆಗೆ ಮರಗೆಣಸಿನ ಜೊತೆ ಒಣಮೀನನ್ನೂ ಹಾಕಿದಳು, ಹಬ್ಬದ ಹಾಗೆ.

ಮುಂದಿನ ಇಳಿತದಲ್ಲಿ ಬಂಡೆಸಾಲಿನ ಬದಿಯ ಒಳ್ಳೆಯ ಪಾಚಿ ಕೊಯ್ದಳು. ಮರಳು, ಚಿಪ್ಪು ಹೋಗುವಂತೆ ಚೆನ್ನಾಗಿ ತೊಳೆದಳು. ಎಲ್ಲಿ ತೊಳೆದಳು? ನಾವು ಎಲ್ಲಿ ತೊಳೆಯುತ್ತೇವೋ ಅಲ್ಲಿ, ಕಡಲಿನಲ್ಲಿ. ಪಕ್ಕದಲ್ಲೇ ನಿಂತಿದ್ದ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನೀರು ತೊಟ್ಟಿಕ್ಕುವ ಬುಟ್ಟಿಯನ್ನು ತಲೆಯ ಮೇಲಿಟ್ಟು ಅವಳು ತೋಟದ ಮುಂದಿನಿಂದಲೇ ಹೋದಳು. ಶಾಮೆ ಗೋಡೆಯ ಮೇಲೆ ಕೂತು ಗುದ್ದಲಿಯ ಕಾವು ಬಿಗಿಮಾಡುತ್ತಿದ್ದ. ತಲೆಯೆತ್ತಿ ಬುಟ್ಟಿಯನ್ನು ನೋಡಿದ. ಅವಳ ಹೆಗಲ ಮೇಲೆ ಇಳಿಯುತ್ತಿದ್ದ ನೀರನ್ನು ನೋಡಿದ. ಮತ್ತೆ ಕಾವಿನ ಕಡೆ ಬಗ್ಗಿದ.

ಅವಳು ಒರಳಿನಲ್ಲಿ ಹಾಕಿ ಕುಟ್ಟಿದಳು, ನಾನು ಒನಕೆಗೆ ಕೈಗೂಡಿಸಿದೆ. ತೆಂಗಿನ ಹಾಲು ಹಿಂಡುವ ಓಲೆಯ ಚೀಲದಲ್ಲಿ ತುಂಬಿ ಹಿಂಡಿದಳು. ಕಂದು ಬಣ್ಣದ ರಸ ದಪ್ಪಗೆ ಇಳಿಯಿತು. ಅದಕ್ಕೆ ಬಾವಿ ನೀರು ಬೆರೆಸುವಾಗಲೂ ಅವಳ ಕೈ ಹಿಂಜರಿಯಿತು. ಹುಟ್ಟಿದಾಗಿನಿಂದ ಬೇಡ ಬೇಡ ಎಂದದ್ದನ್ನು ಮಾಡಲು ಕೈ ಬರಬೇಕಲ್ಲ. ಸ್ವಲ್ಪವೇ ಬೆರೆಸಿದಳು. ಹುಲ್ಲಿನ ಪೊರಕೆ ಅದ್ದಿ ಎಲೆ ಎಲೆಗೂ ಚಿಮುಕಿಸಿದಳು, ಉಳಿದದ್ದನ್ನು ಬುಡಕ್ಕೆ ಸುರಿದಳು. "ಬಿಸ್ಮಿಲ್ಲಾ" ಎಂದು ಪ್ರತಿ ಗಿಡಕ್ಕೂ ಹೇಳುತ್ತಿದ್ದಳು. ಕೈ ತಡೆಯದೆ ಕೊಟ್ಟಳು. ಶಾಮೆ ಅಲ್ಲೇ ಇದ್ದ.

"ಏನು ಶಾಮೆ, ಸಾರು ಹೇಗಿದೆ ಅಂತ ರುಚಿ ನೋಡಲ್ವಾ?" ಎಂದು ನಾನು ಕೆಣಕಿದೆ.

"ಬದನೆ ಹೇಳುತ್ತೆ ಬಿಡು," ಎಂದ.

ಬದನೆ ಹೇಳಿತು. ಎಲೆಯ ಅಂಚು ಮೊದಲು ಕಂದಾಯಿತು, ಆಮೇಲೆ ಒಳಗೆ ಸುರುಟಿತು. ಒಂದೇ ಸಲಕ್ಕೆ ಸಾಲದಿರಬಹುದೆಂದು ಕಜೀಜಾ ಇನ್ನೊಂದು ಸಲ ರಸ ಹಾಕಿದಳು. ಎಲೆಗಳು ಉದುರಿ ಮೂರು ಸಾಲಿನಲ್ಲಿ ಬರೀ ಕಡ್ಡಿ ನಿಂತವು. ಪಕ್ಕದ ಸಾಲುಗಳು ಯೂರಿಯಾ ತಿಂದು ಕೊಬ್ಬಿ ನಿಂತಿದ್ದವು. ಕಜೀಜಾ ಒಣಗಿದ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಸತ್ತವರ ಮನೆಯಲ್ಲಿ ಸಾಮಾನು ಜೋಡಿಸುವವರಂತೆ.

"ನನ್ನ ಕೈಯೇ ಸರಿ ಇಲ್ಲ ಶೋಗಾ," ಎಂದಳು. ಶೋಗಾ ಎಂದರೆ ಗೆಳತಿ. ಅವಳು ಹಾಗೆ ಕರೆದರೆ ನನ್ನ ಕರುಳು ಕರಗುತ್ತದೆ. "ಕುಂಬಳಕ್ಕೆ ಅನ್ನ ಆದದ್ದು ಬದನೆಗೆ ವಿಷ ಆಯ್ತಲ್ಲ. ಏನು ತಪ್ಪು ಮಾಡ್ದೆ ನಾನು?"

ಶಾಮೆ ಹಿಂದಿನಿಂದ ಬಂದು ನಿಂತಿದ್ದ. ಅವನಿಗೂ ಕನಿಕರವಾಯಿತೋ ಏನೋ. ಮೆತ್ತಗೆ ಹೇಳಿದ: "ಅಳಬೇಡ. ಉಪ್ಪು ಕಣೇ ಅದು. ಉಪ್ಪಿಗೆ ಸುಟ್ಟಿದೆ."

ಅವಳು ಅಳು ನಿಲ್ಲಿಸಿದಳು. ಎಲೆ ಆರಿಸುವುದನ್ನೂ ನಿಲ್ಲಿಸಿದಳು.

"ನೀನು ನಾಲಿಗೆಗೆ ಹಚ್ಚೇ ನೋಡ್ಲಿಲ್ಲ. ಹೆಂಗೆ ಗೊತ್ತಾಯ್ತು?"

ಅವನು ಒಣಗಿದ ಕಡ್ಡಿಯೊಂದನ್ನು ಕಾಲಿನಿಂದ ಬದಿಗೆ ತಳ್ಳಿದ.

"ಮಿಜಾನ ಅಪ್ಪ, ನಿನಗೆ ಮೊದಲೇ ಗೊತ್ತಿತ್ತಾ?"

"ಬುಟ್ಟಿ ಸೋರಿಸ್ಕೊಂಡು ಬಂದೆಯಲ್ಲ ಅವತ್ತು. ಕಡಲ ನೀರು ಅಂತ ನೋಡ್ದೆ."

"ನೋಡಿ?"

"ಏನು ನೋಡಿ?"

"ಯಾಕೆ ಹೇಳ್ಲಿಲ್ಲ?"

ಶಾಮೆ ಗೋಡೆಯ ಕಡೆ ನೋಡಿದ, ಕಡಲಿನ ಕಡೆ ನೋಡಿದ. ಆಮೇಲೆ, "ನೀನು ಕೇಳ್ಲಿಲ್ಲ," ಎಂದ.

ಎರಡನೇ ಸಲ ರಸ ಹಾಕುವಾಗಲೂ ಇವನು ಅಲ್ಲೇ ನಿಂತಿದ್ದನಲ್ಲ! ಅವಳು ಬಿಸ್ಮಿಲ್ಲಾ ಎನ್ನುವುದನ್ನು ಕೇಳಿಸಿಕೊಂಡಿದ್ದನಲ್ಲ! ಮಣ್ಣಿನ ಉಪ್ಪನ್ನು ದಿನ ದಿನವೂ ನಾಲಿಗೆಯಲ್ಲಿ ಅಳೆದವನಿಗೆ ಒಂದು ಮಾತು ಹೇಳಲು ನಾಲಿಗೆ ಏಳಲಿಲ್ಲವಲ್ಲ!

ಅವನೇ ಮುಂದುವರಿಸಿದ. "ಕಡಲು ನನ್ನ ಹೊರಗೆ ಹಾಕ್ತು. ಈ ತೋಟ ಒಂದಿದೆ ನನಗೆ. ಅದನ್ನೂ ತಂದು ನಿನ್ನ ಗೂಟಕ್ಕೆ ಕಟ್ಟಿಹಾಕ್ತೀಯ ಅನ್ನಿಸ್ತು. ಮೂರು ಸಾಲು ಹೋದ್ರೆ ಸುಮ್ಮನಾಗ್ತಾಳೆ ಅಂದ್ಕೊಂಡೆ."

ಕಜೀಜಾ ಎದ್ದಳು. ಮಡಿಲಿನ ಎಲೆಗಳನ್ನು ಅವನ ಕಾಲ ಬಳಿ ಕೊಡವಿ ಮನೆಗೆ ಹೋದಳು.

ಮಾತಿನಂತೆ ಅವಳು ಯೂರಿಯಾ ಸುದ್ದಿ ಎತ್ತಲಿಲ್ಲ. ಬೇರೆ ಯಾವ ಸುದ್ದಿಯನ್ನೂ ಎತ್ತಲಿಲ್ಲ. ಅಡುಗೆ ಮಾಡಿಟ್ಟು ದಂಡೆಗೆ ಬರುತ್ತಿದ್ದಳು, ಲೋಳೆ ಕೀಳುತ್ತಿದ್ದಳು, ಸಂಜೆ ಕೈ ಕೆಂಪಾಗಿಸಿಕೊಂಡು ಹೋಗುತ್ತಿದ್ದಳು. ಅವರ ಮನೆಯ ಮುಂದೆ ಹೋದರೆ ತಟ್ಟೆಯ ಸದ್ದು ಕೇಳುತ್ತಿತ್ತು, ಮಾತಿನ ಸದ್ದಿಲ್ಲ. ಶಾಮೆ ಹೊಸ ಯೂರಿಯಾ ಮೂಟೆ ತಂದು ತೋಟದ ಗೋಡೆಯ ಮೇಲಿಟ್ಟ. ಮೊದಲ ದೊಡ್ಡ ಮಳೆ ಬಿದ್ದ ದಿನ ಅದನ್ನು ಚೆಲ್ಲುವುದು ಅವನ ವಾಡಿಕೆ.

ಒಂದು ಸಂಜೆ ನಾವಿಬ್ಬರೂ ಕೆಟ್ಟ ಪಾಚಿ ಸುರಿಯಲು ತಿಪ್ಪೆಗೆ ಹೋದೆವು. ಕಜೀಜಾ ಬುಟ್ಟಿ ಬೋರಲು ಹಾಕಿ ಹಾಗೇ ನಿಂತುಬಿಟ್ಟಳು. ಆಮೇಲೆ ಕುಂಬಳದ ಬಳ್ಳಿ ಸರಿಸಿ ಗುಡ್ಡೆಯ ಒಳಗಿನಿಂದ ಒಂದು ಬಿಳಿ ಎಸಳು ತೆಗೆದು ಜಗಿದಳು.

"ಚಪ್ಪೆ," ಎಂದಳು.

"ಇರುತ್ತೆ ಬಿಡು. ಎಷ್ಟು ಮಳೆ ಕುಡಿದಿದೆಯೋ ಅದು."

"ಅದೇ ಶೋಗಾ. ಮಳೆ ಕುಡಿದ ಪಾಚಿ. ನಾವು ಕೆಟ್ಟು ಹೋಯ್ತು ಅಂತ ಎಸೆದದ್ದು." ಅವಳು ಗುಡ್ಡೆಯ ಕಡೆ ಕೈ ತೋರಿಸಿದಳು. "ಕುಂಬಳ ಬೆಳೆದದ್ದು ಅದರ ಮೇಲೆ. ನಾನು ತಗೊಂಡು ಹೋಗಿದ್ದು ಒಳ್ಳೇ ಪಾಚಿ."

ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ನನಗೇ ನಾಚಿಕೆಯಾಯಿತು. ಅವಳು ಇನ್ನೊಂದು ಎಸಳು ಬಾಯಿಗೆ ಹಾಕಿಕೊಂಡು ಆಕಾಶ ನೋಡಿದಳು. ದಕ್ಷಿಣದಲ್ಲಿ ಕಪ್ಪಾಗುತ್ತಿತ್ತು.

ಮುಂದಿನ ಇಳಿತದಲ್ಲಿ ಅವಳು ಮಾಡಿದ್ದನ್ನು ಕಂಡು ನನ್ನ ಎದೆ ಒಡೆಯಿತು. ಬಂಡೆಸಾಲಿನ ಬದಿಯಲ್ಲಿ ಉಳಿದಿದ್ದ ಪಾಚಿಯನ್ನೆಲ್ಲ ಕೊಯ್ದಳು. ಮುಂದೆ ಕಟ್ಟಲು ಬೀಜಕ್ಕೆ ಬಿಡಬೇಕಾದ ಎಳೆಯ ತುದಿಗಳನ್ನೂ ಬಿಡಲಿಲ್ಲ.

"ಏ, ಬೀಜಕ್ಕೆ ಬಿಡೇ! ನಾಳೆ ಏನು ಕಟ್ತೀಯ?" ಎಂದು ಕೂಗಿದೆ.

"ನಾಳೆ ಲೋಳೆ ಬಂದ್ರೆ ಬೀಜ ಇಟ್ಕೊಂಡು ಏನು ಮಾಡ್ಲಿ?" ಎಂದಳು. "ಇಡೀ ತೋಟಕ್ಕೆ ಸಾಲಬೇಕು."

ಎಲ್ಲರೂ ಚಾಪೆ ಹಾಸಿ ಪಾಚಿ ಹರಡಿದ್ದರು, ಅವಳೂ ಹರಡಿದಳು. ಮಧ್ಯಾಹ್ನದ ಹೊತ್ತಿಗೆ ಗಾಳಿ ನಿಂತಿತು. ಕಡಲಿನ ಮೇಲೆ ಮಳೆಯ ಗೋಡೆ ನಡೆದು ಬರುವುದು ಕಾಣಿಸಿತು. ದಂಡೆಯಲ್ಲಿ ಒಂದೇ ಕೂಗು. ಎಲ್ಲ ಮನೆಗಳಿಂದ ಹೆಂಗಸರು ಓಡಿ ಬಂದರು. ಚಾಪೆ ಸುತ್ತುವವರು, ತಲೆಯ ಮೇಲಿನ ಬಟ್ಟೆ ಕಿತ್ತು ಪಾಚಿಗೆ ಹೊದಿಸುವವರು, ಎಡವಿ ಬೀಳುವವರು. ನನ್ನದನ್ನು ಸುತ್ತಿ ಮರದ ಕೆಳಗೆ ಎಳೆದುಹಾಕಿ ನಾನು ಕಜೀಜಾಳ ಚಾಪೆಗೆ ಓಡಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಬಿಡು ಶೋಗಾ. ನೆನೀಲಿ."

ಹನಿ ಬಿದ್ದೇಬಿಟ್ಟಿತು. ಬಿ ರಿಜಿಕಿ ತನ್ನ ಚಾಪೆಯ ಮೇಲೆ ಕೂತಲ್ಲಿಂದಲೇ ಶಪಿಸುತ್ತಿದ್ದಳು: "ಅವಳ ತಾಯಿ ನೋಡಿದ್ರೆ ಕಪಾಳಕ್ಕೆ ಹೊಡೀತಿದ್ಲು!" ಅಷ್ಟರಲ್ಲಿ ಇಳಿಜಾರಿನಿಂದ ಶಾಮೆ ಓಡಿಬಂದ. ಯೂರಿಯಾ ಚೆಲ್ಲಲು ತೋಟಕ್ಕೆ ಹೋಗಿದ್ದವನು, ಹೆಂಡತಿಯ ಪಾಚಿ ಬಯಲಿನಲ್ಲಿ ನೆನೆಯುವುದನ್ನು ಮೇಲಿನಿಂದ ನೋಡಿ, ಮೂಟೆಗೆ ಹೊದಿಸಿದ್ದ ಟಾರ್ಪಾಲನ್ನೇ ಎಳೆದುಕೊಂಡು ಬಂದಿದ್ದ. ನಮ್ಮೂರಿನಲ್ಲಿ ಮಳೆ ಬಂದರೆ ಎಂಥ ಗಂಡಸೂ ಓಡುತ್ತಾನೆ. ಕಾಲಿಗೆ ಬುದ್ಧಿ ಹೇಳಬೇಕಾಗಿಲ್ಲ.

"ತಾತು, ಆ ತುದಿ ಹಿಡ್ಕೋ! ಬೇಗ!"

ಕಜೀಜಾ ಟಾರ್ಪಾಲಿನ ಮೇಲೆ ಕಾಲಿಟ್ಟಳು. "ಬೇಡ."

"ತಲೆ ಕೆಟ್ಟಿದೆಯಾ? ಎಲ್ಲಾ ಬಿಳಿಚ್ಕೊಂಡು ಹೋಗುತ್ತೆ!"

"ಹೋಗ್ಲಿ. ಉಪ್ಪು ಹೋಗ್ಲಿ ಅಂತಾನೇ ಹಾಕಿದೀನಿ."

ಶಾಮೆಯ ಕೈಯಿಂದ ಟಾರ್ಪಾಲು ಜಾರಿತು. ಅವನಿಗೆ ಅರ್ಥವಾಗಿತ್ತು. ಮಳೆ ಅವನ ಗಡ್ಡದಿಂದ ಇಳಿಯುತ್ತಿತ್ತು. ದಂಡೆಯ ಹೆಂಗಸರೆಲ್ಲ ನೋಡುತ್ತಿದ್ದರು.

ಕಜೀಜಾ ಚಾಪೆಯಿಂದ ಒಂದು ಎಸಳು ಎತ್ತಿ ಅವನ ಮುಂದೆ ಹಿಡಿದಳು. "ಮಿಜಾನ ಅಪ್ಪ, ಅವತ್ತು ನಾನು ಕೇಳ್ಲಿಲ್ಲ. ಇವತ್ತು ಕೇಳ್ತಿದೀನಿ. ಉಪ್ಪು ಹೋಗಿದೆಯಾ?"

ಆ ಹೊತ್ತು ಅವನ ಮುಖ ನೋಡಲು ನನಗೂ ಕಷ್ಟವಾಯಿತು. ಅವನು ಎಸಳು ತೆಗೆದುಕೊಂಡ. ಬಾಯಿಗೆ ಹಾಕಿ ಜಗಿದ, ಮರಳಿಗೆ ಉಗಿದ.

"ಇಲ್ಲ," ಎಂದ. "ಇನ್ನೂ ಇದೆ."

ಕಾದೆವು. ಮಳೆ ಜೋರಾಯಿತು. ಅವಳು ಮತ್ತೊಂದು ಎಸಳು ಕೊಟ್ಟಳು. "ಇದೆ," ಎಂದ. ಆಮೇಲೆ ಅವನೇ ಮೊಣಕಾಲೂರಿ ಕೂತು, ಅಡಿಯ ಪಾಚಿಗೂ ಮಳೆ ಬೀಳುವಂತೆ ಎರಡೂ ಕೈಯಲ್ಲಿ ರಾಶಿ ಮಗುಚತೊಡಗಿದ. ಪಾಚಿ ಮುಟ್ಟುವುದು ಹೆಂಗಸರ ಕೆಲಸವೆಂದು ಜೀವಮಾನವೆಲ್ಲ ನಕ್ಕವನು. ಮಗುಚುವುದು, ಒಂದು ಎಸಳು ಜಗಿಯುವುದು, ತಲೆಯಾಡಿಸುವುದು, ಮತ್ತೆ ಮಗುಚುವುದು.

ಕೊನೆಗೊಮ್ಮೆ ಜಗಿದವನು ಉಗಿಯಲಿಲ್ಲ. "ಈಗ ಸಾಕು," ಎಂದ. ಅವಳ ಕಾಲನ್ನು ನೋಡುತ್ತ, "ನೀರು ಇನ್ನೂ ಬಹಳ ಬೆರೆಸಬೇಕು ಕಣೇ. ಅವತ್ತು ತುಂಬ ಗಟ್ಟಿ ಇತ್ತು. ಬಿಸಿಲಲ್ಲಿ ಹಾಕ್ದೆ ನೀನು. ಬೆಳಿಗ್ಗೆ ತಂಪಲ್ಲಿ ಹಾಕಬೇಕು," ಎಂದ.

ಅಂದು ನುಂಗಿಕೊಂಡಿದ್ದನ್ನೆಲ್ಲ ಒಂದೊಂದಾಗಿ ಕಕ್ಕಿದ. ಕಜೀಜಾ ಕೇಳಿಸಿಕೊಂಡಳು. "ಸರಿ," ಎಂದಳು. ಅಷ್ಟೇ.

ಯೂರಿಯಾ ಮೂಟೆಯ ಬಾಯಿ ಅಂದು ಬಿಚ್ಚಲಿಲ್ಲ. ಮಾರನೆಯ ದಿನ ಅರ್ಧವನ್ನು ಅಳೆದು ಹಾಕಿದ, ಉಳಿದರ್ಧ ಇನ್ನೂ ಅವರ ಅಡುಗೆಮನೆಯ ಮೂಲೆಯಲ್ಲಿ ಗಡ್ಡೆ ಕಟ್ಟಿಕೊಂಡು ಕೂತಿದೆ. ರಸ ಇಡೀ ತೋಟಕ್ಕೆ ಆಯಿತು. ಬದನೆ ಯೂರಿಯಾದ ಕಾಲದಷ್ಟು ಕಪ್ಪಾಗಿ ಬೆಳೆಯಲಿಲ್ಲ, ಆದರೆ ಬೆಳೆಯಿತು, ಕಾಯಿ ಗಟ್ಟಿಯಾಗಿ ಬಂತು. ಶಾಮೆ ಒಂದು ಬುಟ್ಟಿ ತಂದು ನನ್ನ ಬಾಗಿಲಲ್ಲಿಟ್ಟ. ಬದನೆ ತೆಗೆದುಕೊಂಡೆ. ಅವನ ಜೊತೆ ಮಾತಾಡಲಿಲ್ಲ, ಇವತ್ತಿಗೂ ಆಡಿಲ್ಲ. ಹೆಂಡತಿ ಕ್ಷಮಿಸಿದಳಲ್ಲ, ನಿನಗೇನು ಎನ್ನುತ್ತಾರೆ. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಹೇಳಿಲ್ಲ, ನಾನು ಕೇಳಿಲ್ಲ.

ಹೊಲ ಆ ವರ್ಷ ಉಳಿಯಲಿಲ್ಲ. ಮಣ್ಣಿನಲ್ಲಿ ಹಳೆಯ ಯೂರಿಯಾ ಇತ್ತಲ್ಲ, ಅದು ಇಳಿದು ಬಂದು ದಂಡೆಯ ಬದಿ ಉಳಿದಿದ್ದದ್ದಕ್ಕೂ ಲೋಳೆ ಹಿಡಿಯಿತು; ಬಂಡೆಸಾಲಿನ ಬದಿಯದನ್ನು ಅವಳೇ ಕೊಯ್ದಿದ್ದಳು. ದೊಡ್ಡ ಮಳೆ ಮುಗಿದಾಗ ಕಜೀಜಾಳ ಗೂಟಗಳ ಮೇಲೆ ಬರೀ ಹಗ್ಗ ತೇಲುತ್ತಿತ್ತು. ಆದರೆ ಅದರ ಮುಂದಿನ ಸಣ್ಣ ಮಳೆಗೆ ಕೊರಕಲಿನ ಬಾಯಲ್ಲಿ ನೀರು ತಿಳಿಯಾಗಿ ಬಂತು. ನಾನು ನನ್ನ ಹಗ್ಗದಿಂದ, ಬಿ ರಿಜಿಕಿ ಬೈದುಕೊಂಡೇ ತನ್ನ ಹಗ್ಗದಿಂದ ಬೀಜದ ತುದಿ ಮುರಿದು ಕೊಟ್ಟೆವು. ಕಜೀಜಾ ಕಾಲ್ಬೆರಳಿನಿಂದ ತಡವಿ, ಅಮ್ಮನ ಗುಂಡಿ ಹುಡುಕಿ, ಹೊಸ ಗೂಟ ಹೊಡೆದಳು. ಈಗ ಹಗ್ಗ ಕೆಂಪಾಗಿದೆ.

ಕೊಯ್ಲಿನಲ್ಲಿ ಒಂದು ಪಾಲನ್ನು ಅವಳು ತೋಟಕ್ಕೆಂದು ಬೇರೆ ಇಡುತ್ತಾಳೆ. ಮಳೆಯಿಲ್ಲದ ದಿನ ಶಾಮೆ ಬಾವಿಯಿಂದ ನೀರು ಸೇದಿ ಅದರ ಮೇಲೆ ಸುರಿಯುತ್ತಾನೆ. ಸಿಹಿನೀರು ಬೀಳುವ ಹೊತ್ತಿಗೆ ಈಗಲೂ ಅವಳು ಮುಖ ಆಚೆ ತಿರುಗಿಸುತ್ತಾಳೆ, ನೋಡಲಾರಳು. ಸುರಿದು ಮುಗಿದ ಮೇಲೆ ಒಂದು ಎಸಳು ಎತ್ತಿ ಅವನ ಬಾಯಿಗೆ ಹಿಡಿಯುತ್ತಾಳೆ. ಅವಳ ನಾಲಿಗೆಗೆ ಉಪ್ಪು ತಿಳಿಯುವುದಿಲ್ಲವೆಂದಲ್ಲ. ಅವನು ಬಾಯಿಬಿಟ್ಟು ಹೇಳುವವರೆಗೂ ಅವಳು ಒರಳಿನ ಹತ್ತಿರ ಹೋಗುವುದಿಲ್ಲ.